ಬೀರುವಿನ ತೇವ ಹೀರುವ ಡಬ್ಬಿ ಕೈಕೊಟ್ಟಿದೆಯಾ? ಮುಂಬೈ ಮಳೆಗಾಲಕ್ಕೊಂದು ದೋಷ ನಿವಾರಣೆ ಕೈಪಿಡಿ

ಮಳೆ ಹಿಡಿಯಿತು ಅಂದರೆ ಡೊಂಬಿವಲಿ, ಮುಲುಂಡ್, ಚೆಂಬೂರು ಕಡೆಯ ನಮ್ಮವರ ಮನೆಗಳಲ್ಲಿ ಒಂದೇ ಗೋಳು. ಬೀರು ತೆಗೆದರೆ ಮುಗ್ಗಲು ವಾಸನೆ. ಬೆಲ್ಟಿನ ಮೇಲೆ ಬಿಳಿ ಬೂಷ್ಟು. ವರಮಹಾಲಕ್ಷ್ಮಿ ಹಬ್ಬಕ್ಕೆ ಉಡೋಣ ಅಂತ ತೆಗೆದ ರೇಷ್ಮೆ ಸೀರೆಯ ಮಡಿಕೆಯಲ್ಲಿ ಹಳದಿ ಚುಕ್ಕೆ. ಆಮೇಲೆ ಎಲ್ಲರೂ ಅಂಗಡಿಗೆ ಹೋಗಿ ಆ ಪ್ಲಾಸ್ಟಿಕ್ ಡಬ್ಬಿ ತರುತ್ತಾರೆ, ಮೇಲ್ಗಡೆ ಬಿಳಿ ಹರಳು, ಕೆಳಗಡೆ ನೀರು ಇಳಿಯೋಕೆ ಖಾಲಿ ಜಾಗ ಇರುತ್ತಲ್ಲ, ಅದು. ಸ್ವಲ್ಪ ದಿನಕ್ಕೆ ದೂರು ಶುರು. ಒಬ್ಬರಿಗೆ ಒಂದು ಹನಿಯೂ ಬಂದಿಲ್ಲ. ಇನ್ನೊಬ್ಬರಿಗೆ ನಾಲ್ಕೇ ದಿನಕ್ಕೆ ತುಂಬಿ ಹೋಯಿತು. ಮತ್ತೊಬ್ಬರ ಡಬ್ಬಿ ಮಗುಚಿ ಬಟ್ಟೆಯೆಲ್ಲ ಅಂಟಂಟು.

ಬಹಳಷ್ಟು ಸಲ ಡಬ್ಬಿಯಲ್ಲಿ ಏನೂ ತಪ್ಪಿರುವುದಿಲ್ಲ. ಒಳಗಿನ ಲವಣಕ್ಕೆ ಗೊತ್ತಿರುವುದು ನೀರು ಎಳೆಯೋದೊಂದೇ. ಆ ನೀರು ಎಲ್ಲಿಂದ ಬರ್ತಿದೆ ಅಂತ ಹುಡುಕದೆ ಸುಮ್ನೆ ಡಬ್ಬಿ ಬದಲಾಯಿಸಿದರೆ ದುಡ್ಡು ದಂಡ.

ಒಳಗಿರೋದು ಏನು

ಆ ಹರಳು ಕ್ಯಾಲ್ಸಿಯಂ ಕ್ಲೋರೈಡ್. ಕಾರ್ಖಾನೆಗಳಲ್ಲಿ ಟನ್‌ಗಟ್ಟಲೆ ಓಡಾಡುವ ಅಗ್ಗದ ಲವಣ. 1861ರಲ್ಲಿ ಬೆಲ್ಜಿಯಂನ ಅರ್ನೆಸ್ಟ್ ಸಾಲ್ವೇ ಪೇಟೆಂಟ್ ಪಡೆದ ವಿಧಾನವೊಂದಿದೆ. ಉಪ್ಪುನೀರು, ಸುಣ್ಣದ ಕಲ್ಲು, ಅಮೋನಿಯಾ ಬಳಸಿ ಸೋಡಾ ಆಶ್ (ಗಾಜು, ಸಾಬೂನು ಪುಡಿಗೆ ಹಾಕುವ ಕ್ಷಾರ) ಮಾಡುತ್ತಾರೆ. ಅದರಲ್ಲಿ ಕೊನೆಗೆ ಉಳಿಯೋದು ಇದೇ ಕ್ಯಾಲ್ಸಿಯಂ ಕ್ಲೋರೈಡ್. ಸುಣ್ಣದ ಕಲ್ಲಿಗೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿಯೂ ಮಾಡುತ್ತಾರೆ.

ಇದರ ವಿಶೇಷ ಏನಪ್ಪಾ ಅಂದರೆ, ಗಾಳಿಯಿಂದ ನೀರು ಎಳೆದು ಅದೇ ನೀರಿನಲ್ಲಿ ತಾನೇ ಕರಗಿಬಿಡುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪು ಒದ್ದೆಯಾಗೋದು ನೋಡಿದ್ದೀರಲ್ಲ. ಶುದ್ಧ ಉಪ್ಪು ಹಾಗೆ ಕರಗಬೇಕಾದರೆ ಗಾಳಿಯ ತೇವಾಂಶ ಸುಮಾರು ಶೇ. 75 ದಾಟಬೇಕು. ಕ್ಯಾಲ್ಸಿಯಂ ಕ್ಲೋರೈಡ್‌ಗೆ ಶೇ. 30ರ ಆಸುಪಾಸು ಇದ್ದರೂ ಸಾಕು. ಜುಲೈನ ಮುಂಬೈಯಲ್ಲಿ ತೇವಾಂಶ ಶೇ. 80–90ರಲ್ಲೇ ಓಡಾಡುತ್ತಿರುತ್ತದೆ. ಅಂದರೆ ಇಲ್ಲಿ ಈ ಹರಳಿಗೆ ಬಿಡುವೇ ಇಲ್ಲ.

ಇದನ್ನು ಬ್ಲೀಚಿಂಗ್ ಪೌಡರ್ ಅಂದುಕೊಳ್ಳುವವರು ಇದ್ದಾರೆ. ಅಲ್ಲ. ಇದಕ್ಕೆ ಕ್ಲೋರಿನ್ ವಾಸನೆ ಇಲ್ಲ, ಬೂಷ್ಟನ್ನು ಕೊಲ್ಲುವ ಶಕ್ತಿಯೂ ಇಲ್ಲ. ಹಾಗೇ ಬೂಟಿನ ಡಬ್ಬದಲ್ಲಿ ಬರುವ ಪುಟ್ಟ ಪೊಟ್ಟಣದ ಸಿಲಿಕಾ ಜೆಲ್ ಕೂಡ ಬೇರೆಯೇ. ಸಿಲಿಕಾ ಜೆಲ್ ಎಷ್ಟು ಹೀರಿದರೂ ಮುಟ್ಟಿದರೆ ಒಣಗಿದ ಹಾಗೇ ಇರುತ್ತದೆ. ಇದು ನೀರಾಗುತ್ತದೆ. ಈ ವ್ಯತ್ಯಾಸ ಮುಂದೆ ಕೆಲಸಕ್ಕೆ ಬರುತ್ತದೆ.

ಮೊದಲು ಅಳೆಯಿರಿ

ಮೂಗಿನ ಮೇಲೆ ಭರವಸೆ ಇಟ್ಟು ದೋಷ ಹುಡುಕಬೇಡಿ. ಗಾಳಿಯ ತೇವಾಂಶ ತೋರಿಸುವ ಚಿಕ್ಕ ಡಿಜಿಟಲ್ ಹೈಗ್ರೋಮೀಟರ್ ಒಂದನ್ನು ತೆಗೆದುಕೊಳ್ಳಿ, ಜಾಸ್ತಿ ಬೆಲೆಯೇನಿಲ್ಲ. ಅಗ್ಗದವು ನಾಲ್ಕೈದು ಅಂಕಿ ಆಚೀಚೆ ತೋರಿಸುತ್ತವೆ, ಅದಕ್ಕೆ ಒಂದು ಮನೆ ಪರೀಕ್ಷೆ ಇದೆ. ಬಾಟಲಿಯ ಮುಚ್ಚಳಕ್ಕೆ ಅಡುಗೆ ಉಪ್ಪು ಹಾಕಿ, ಕೆಲವೇ ಹನಿ ನೀರು ಬಿಟ್ಟು ಒದ್ದೆ ಮರಳಿನ ಹದಕ್ಕೆ ತನ್ನಿ. ಉಪ್ಪು ಪೂರ್ತಿ ಕರಗಿಬಿಡಬಾರದು. ಅದನ್ನೂ ಮೀಟರನ್ನೂ ಒಂದೇ ಜಿಪ್ ಚೀಲದಲ್ಲಿ ಹಾಕಿ ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ 75ರ ಹತ್ತಿರ ತೋರಿಸಬೇಕು. 70 ತೋರಿಸಿದರೆ ನಿಮ್ಮ ಮೀಟರ್ 5 ಕಡಿಮೆ ಹೇಳುತ್ತದೆ ಅಂತ ನೆನಪಿಟ್ಟುಕೊಂಡರಾಯಿತು.

ಈಗ ಅದನ್ನು ಬೀರುವಿನೊಳಗೆ ಇಟ್ಟು ಬಾಗಿಲು ಹಾಕಿ, ಒಂದು ಪೂರ್ತಿ ದಿನ ಮುಟ್ಟಬೇಡಿ. ಆಮೇಲೆ ಕೋಣೆಯಲ್ಲಿ ಇಟ್ಟು ನೋಡಿ. ಒಳಗೆ 60ಕ್ಕಿಂತ ಕಡಿಮೆ ಇದ್ದರೆ ಬೂಷ್ಟಿನ ಭಯ ಇಲ್ಲ. 70 ದಾಟಿ ದಿನಗಟ್ಟಲೆ ಹಾಗೇ ನಿಂತರೆ ಬೂಷ್ಟು ಬಂದೇ ಬರುತ್ತದೆ. ಒಳಗೂ ಹೊರಗೂ ಒಂದೇ ಅಂಕಿ ಬಂದರೆ? ನಿಮ್ಮ ಬೀರುವಿಗೆ ಬಾಗಿಲು ಇದ್ದೂ ಇಲ್ಲದ ಹಾಗೆ.

ದೂರು: ಡಬ್ಬಿಯಲ್ಲಿ ನೀರೇ ಬಂದಿಲ್ಲ

ಮೊದಲು ಮುಚ್ಚಳ ತೆಗೆದು ನೋಡಿ. ತುಂಬಾ ಡಬ್ಬಿಗಳಲ್ಲಿ ಮುಚ್ಚಳದ ಕೆಳಗೆ ಎರಡು ಪದರ ಇರುತ್ತದೆ. ಮೇಲಿನದು ಬೆಳ್ಳಿ ಬಣ್ಣದ ಹಾಳೆ, ಅದನ್ನು ಕೀಳಬೇಕು. ಕೆಳಗಿನ ಬಿಳಿ ಕಾಗದದಂಥದ್ದು ಉಸಿರಾಡುವ ಪೊರೆ, ಅದನ್ನು ಕೀಳಬಾರದು. ಹಾಳೆ ಕೀಳದೆ ಇಟ್ಟ ಡಬ್ಬಿ ಮುಂದಿನ ದೀಪಾವಳಿಗೂ ಹಾಗೇ ಇರುತ್ತದೆ. ಬಿಳಿ ಪೊರೆಯನ್ನೂ ಸೇರಿಸಿ ಕಿತ್ತರೆ ನೀರು ಬೇಗ ಬರುತ್ತದೆ ನಿಜ, ಆದರೆ ಒಂದು ತಳ್ಳು ಬಿದ್ದರೆ ಸಾಕು, ಎಲ್ಲ ಬಟ್ಟೆಯ ಮೇಲೆ.

ಎರಡನೆಯದು, ಹರಳು ಗಟ್ಟಿಯಾಗಿ ಸೇತುವೆ ಕಟ್ಟಿರುವುದು. ಮೇಲ್ಭಾಗ ಸ್ವಲ್ಪ ತೇವ ಹೀರಿ ಪರಸ್ಪರ ಅಂಟಿಕೊಂಡು ಒಂದೇ ಹೆಂಟೆಯಾಗಿರುತ್ತದೆ, ಗಾಳಿ ಕೆಳಗಿನ ಹರಳಿಗೆ ಮುಟ್ಟುವುದೇ ಇಲ್ಲ. ಡಬ್ಬಿಯ ಪಕ್ಕವನ್ನು ಕೈಯಿಂದ ಮೆಲ್ಲಗೆ ತಟ್ಟಿ, ಬಿಡಿಸಿಕೊಳ್ಳುತ್ತದೆ. ಚಾಕು ಚಮಚ ಹಾಕಿ ಕೆದಕಬೇಡಿ, ಪೊರೆ ಹರಿಯುತ್ತದೆ.

ಮೂರನೆಯದು ಇತ್ತೀಚೆಗೆ ಜಾಸ್ತಿ ಆಗಿದೆ. ಬಿಡಿಯಾಗಿ ಮಾರುವ ರೀಫಿಲ್ ಚೀಲ. ಮಾಲು ನಿಜವಾಗಿ ಕ್ಯಾಲ್ಸಿಯಂ ಕ್ಲೋರೈಡಾ, ಇಲ್ಲ ಬರೀ ಕಲ್ಲುಪ್ಪಾ ಅಂತ ಗುಮಾನಿ ಇದ್ದರೆ ಹೀಗೆ ಪರೀಕ್ಷೆ ಮಾಡಿ. ಒಂದು ಸ್ಟೀಲ್ ಲೋಟದಲ್ಲಿ ಕಾಲು ಲೋಟ ತಣ್ಣೀರು ತೆಗೆದುಕೊಂಡು, ಎರಡು ಚಮಚ ಹರಳು ಹಾಕಿ ಕಲಕಿ. ಲೋಟವನ್ನು ಹೊರಗಿನಿಂದ ಮುಟ್ಟಿ ನೋಡಿ. ಒಳ್ಳೆ ಒಣ ಕ್ಯಾಲ್ಸಿಯಂ ಕ್ಲೋರೈಡ್ ಆದರೆ ಕೂಡಲೇ ಬೆಚ್ಚಗಾಗುತ್ತದೆ. ನೀರಿಲ್ಲದ ಪೂರ್ತಿ ಒಣ ಮಾಲಾದರೆ ಬಿಸಿಯೇ ಆಗುತ್ತದೆ, ಅದಕ್ಕೇ ಒದ್ದೆ ಕೈಯಲ್ಲಿ ಹಿಡಿಯಬಾರದು ಅನ್ನೋದು. ಅಡುಗೆ ಉಪ್ಪು ಕರಗುವಾಗ ಬಿಸಿಯಾಗುವುದಿಲ್ಲ, ನೀರು ಒಂಚೂರು ತಣ್ಣಗೇ ಆಗುತ್ತದೆ.

ಒಂದು ಎಚ್ಚರಿಕೆ. ಚೀಲ ತೆರೆದಿಟ್ಟು ಆಗಲೇ ನೀರು ಕುಡಿದು ಒದ್ದೆಯಾದ ಹರಳಿನಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ. ಕ್ಯಾಲ್ಸಿಯಂ ಕ್ಲೋರೈಡ್ ಪ್ರತಿ ಕಣಕ್ಕೆ ಆರು ನೀರಿನ ಕಣ ಸೇರಿಸಿಕೊಂಡ ರೂಪದಲ್ಲಿದ್ದರೆ, ಅದು ಕರಗುವಾಗ ಉಲ್ಟಾ, ತಣ್ಣಗಾಗುತ್ತದೆ. ಅಂಗಡಿಯವನ ಜೊತೆ ಜಗಳಕ್ಕೆ ಹೋಗುವ ಮುಂಚೆ ಒಣ ಹರಳೇ ಆರಿಸಿ ನೋಡಿ.

ನಾಲ್ಕನೆಯದು ದೋಷವೇ ಅಲ್ಲ. ಬಾಗಿಲು ಬಿಗಿಯಾಗಿರುವ ಸ್ಟೀಲ್ ಬೀರು, ಒಳಗೆ ಒಣ ಬಟ್ಟೆ, ಮೀಟರ್ 50 ಅನ್ನುತ್ತಿದೆ. ಹೀರೋಕೆ ನೀರು ಇಲ್ಲ, ಅಷ್ಟೇ. ಜನವರಿಯಲ್ಲೂ ಹೀಗೇ, ನಿಧಾನವಾಗುತ್ತದೆ.

ದೂರು: ನಾಲ್ಕೇ ದಿನಕ್ಕೆ ತುಂಬಿ ಹೋಯಿತು

ಇದಕ್ಕೆ ಖುಷಿಪಡುವವರೇ ಜಾಸ್ತಿ. "ನೋಡಿ ಎಷ್ಟು ನೀರು ಎಳೆದಿದೆ!" ಅಂತ. ನನ್ನ ಪ್ರಕಾರ ಎಲ್ಲಕ್ಕಿಂತ ಗಂಭೀರ ದೂರು ಇದೇ.

ಒಂದು ಸಣ್ಣ ಲೆಕ್ಕ ಹಾಕೋಣ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿ ಹಿಡಿಯುತ್ತದೆ. ದೊಡ್ಡ ಬೀರುವಿನೊಳಗೆ ಒಂದು ಘನ ಮೀಟರ್ ಜಾಗ ಇದೆ ಅಂದುಕೊಳ್ಳಿ. ತೇವಾಂಶ ಶೇ. 85 ಇದ್ದರೆ ಅದರಲ್ಲಿ ಇರುವ ನೀರು ಸುಮಾರು 26 ಗ್ರಾಂ. ಶೇ. 55ಕ್ಕೆ ಇಳಿಸಬೇಕಾದರೆ ತೆಗೆಯಬೇಕಾದದ್ದು ಬರೀ 9 ಗ್ರಾಂ. ಎರಡು ಟೀ ಚಮಚ! ಹಾಗಾದರೆ ಡಬ್ಬಿಯಲ್ಲಿರುವ ಅರ್ಧ ಲೀಟರ್ ಎಲ್ಲಿಂದ ಬಂತು?

ಒಂದು ಪಾಲು ಬಟ್ಟೆಯಿಂದ. ಒಣಗಿದೆ ಅನ್ನಿಸುವ ಹತ್ತಿಬಟ್ಟೆಯೊಳಗೂ ನೀರು ಇರುತ್ತದೆ. ಶೇ. 65 ತೇವಾಂಶದಲ್ಲಿ ಹತ್ತಿ ತನ್ನ ತೂಕದ ಶೇ. 8ರಷ್ಟು ನೀರು ಹಿಡಿದಿರುತ್ತದೆ, ಮಳೆಗಾಲದಲ್ಲಿ ಇನ್ನೂ ಮೂರ್ನಾಲ್ಕು ಅಂಕಿ ಮೇಲೆ. 20 ಕಿಲೋ ಬಟ್ಟೆ ತುಂಬಿದ ಬೀರುವಿನಲ್ಲಿ ಶೇ. 3 ಅಂದರೆ 600 ಗ್ರಾಂ. ಫ್ಯಾನ್ ಕೆಳಗೆ ಎರಡು ದಿನ ನೇತುಹಾಕಿ, ಸೊಂಟಪಟ್ಟಿ ಇನ್ನೂ ತಣ್ಣಗಿರುವಾಗಲೇ ಮಡಚಿಟ್ಟ ಜೀನ್ಸ್ ಇದ್ದರಂತೂ ಕೇಳಲೇಬೇಡಿ. ಹಾಗಾಗಿ ಮೊದಲ ಡಬ್ಬಿ ಬೇಗ ತುಂಬಿದರೆ ಗಾಬರಿ ಬೇಡ. ಎರಡನೆಯದು ನಿಧಾನ ಆಗಬೇಕು. ಮೂರನೆಯದು ಇನ್ನೂ ನಿಧಾನ.

ನಿಧಾನ ಆಗಲೇ ಇಲ್ಲವಾ? ಆಗ ಹೊರಗಿನ ಗಾಳಿ ಅಥವಾ ಗೋಡೆ. ರಾತ್ರಿ ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚ್ ಹೊತ್ತಿಸಿ ಬೀರುವಿನೊಳಗೆ ಇಟ್ಟು ಬಾಗಿಲು ಹಾಕಿ. ಬೆಳಕು ಎಲ್ಲೆಲ್ಲಿ ಇಣುಕುತ್ತದೋ ಅಲ್ಲೆಲ್ಲ ಗಾಳಿ ನುಗ್ಗುತ್ತಿದೆ. ಜಾರುವ ಬಾಗಿಲಿನ ವಾರ್ಡ್‌ರೋಬುಗಳಲ್ಲಿ ಮಧ್ಯದಲ್ಲಿ ಬೆರಳು ಹೋಗುವಷ್ಟು ಸಂದು ಇರುತ್ತದೆ. ಕಿಟಕಿಗೆ ಅಂಟಿಸುವ ಫೋಮ್ ಪಟ್ಟಿ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ಅಂಟಿಸಿ.

ಗೋಡೆಯ ಪರೀಕ್ಷೆಗೆ ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆ ಸಾಕು. ಬೀರುವಿನ ಹಿಂದಿನ ಗೋಡೆಗೆ ನಾಲ್ಕೂ ಅಂಚು ಟೇಪ್ ಹಚ್ಚಿ ಮುಚ್ಚಿ. ಎರಡು ದಿನ ಬಿಟ್ಟು ನೋಡಿ. ಹನಿ ಹಾಳೆಯ ಒಳಗಡೆ, ಗೋಡೆಯ ಕಡೆ ಇದ್ದರೆ ನೀರು ಗೋಡೆಯಿಂದಲೇ ಬರ್ತಿದೆ. ಹಾಳೆಯ ಹೊರಗಡೆ ಇದ್ದರೆ ಕೋಣೆಯ ಗಾಳಿ ತಣ್ಣನೆ ಗೋಡೆಗೆ ತಾಗಿ ನೀರಾಗುತ್ತಿದೆ, ಎ.ಸಿ. ಹಾಕಿ ಮಲಗುವ ಮನೆಗಳಲ್ಲಿ ಇದು ಮಾಮೂಲು. ಮುಂಬೈಯಲ್ಲಿ ಮಳೆ ಹೊಡೆಯೋದು ಹೆಚ್ಚಾಗಿ ಪಶ್ಚಿಮ ಮತ್ತು ನೈಋತ್ಯದಿಂದ. ಆ ಕಡೆಯ ಹೊರಗೋಡೆಗೆ ಒರಗಿಸಿದ ಬೀರು, ಬಾತ್‌ರೂಮ್ ಗೋಡೆಗೆ ಅಂಟಿಸಿ ಮಾಡಿಸಿದ ವಾರ್ಡ್‌ರೋಬು, ಮೇಲ್ಮಹಡಿಯ ಲಾಫ್ಟ್, ಇವು ಮೂರೂ ಮೊದಲ ಆರೋಪಿಗಳು. ಗೋಡೆ ಸೋರುತ್ತಿದ್ದರೆ ಕ್ಯಾಲ್ಸಿಯಂ ಕ್ಲೋರೈಡ್ ಲಾರಿಗಟ್ಟಲೆ ತಂದರೂ ಪ್ರಯೋಜನ ಇಲ್ಲ. ಸೊಸೈಟಿಯ ಸೆಕ್ರೆಟರಿಗೆ ಬರೆದುಕೊಡಿ, ಅಲ್ಲಿಯವರೆಗೆ ಬೀರುವನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದಿಡಿ. ಟೆರೇಸಿನ ಮೇಲೆ ನೀಲಿ ತಾಡಪತ್ರಿ ಬರೋದು ಹೇಗೂ ಜೂನ್ ಕಳೆದ ಮೇಲೇನೇ.

ದೂರು: ನೀರು ಬಂದಿದೆ, ವಾಸನೆ ಹೋಗಿಲ್ಲ

ಈ ಲವಣ ತೇವ ತೆಗೆಯುತ್ತದೆ, ಆಗಲೇ ಬೆಳೆದ ಬೂಷ್ಟನ್ನು ಮುಟ್ಟುವುದಿಲ್ಲ. ಮೀಟರ್ 55 ತೋರಿಸುತ್ತಿದ್ದರೂ ವಾಸನೆ ಇದ್ದರೆ ಹಳೆ ಬೂಷ್ಟು ಒಳಗೆಲ್ಲೋ ಕೂತಿದೆ. ಬಟ್ಟೆ ಪೂರ್ತಿ ಹೊರತೆಗೆದು, ಹಲಗೆಗಳ ಅಡಿಭಾಗ ಮತ್ತು ಹಿಂದಿನ ಪ್ಲೈವುಡ್ ಒರೆಸಿ, ಬಿಸಿಲು ಬಿದ್ದ ದಿನ ಬಾಗಿಲು ತೆರೆದಿಡಿ. ಚರ್ಮದ ಚೀಲ, ಹಳೆ ಸೂಟ್‌ಕೇಸು ಮೊದಲು ಮೂಸಿ ನೋಡಿ. ಮೀಟರ್ 75 ತೋರಿಸುತ್ತಿದ್ದರೆ ಕಥೆ ಬೇರೆ, ಮೇಲಿನ ಟಾರ್ಚ್ ಪರೀಕ್ಷೆಗೆ ವಾಪಸ್ ಹೋಗಿ.

ಕೋಣೆಯ ಮೂಲೆಯಲ್ಲಿ ಡಬ್ಬಿ ಇಟ್ಟು ಇಡೀ ಬೆಡ್‌ರೂಮ್ ಒಣಗಿಸುತ್ತೇನೆ ಅನ್ನುವವರಿಗೆ ಒಂದು ಮಾತು: ಬಿಡಿ. ಕಿಟಕಿ ಒಮ್ಮೆ ತೆರೆದರೆ ಅದರ ವಾರದ ದುಡಿಮೆ ಮುಗಿಯಿತು. ಅದಕ್ಕೆ ಕರೆಂಟಿನ ಡಿಹ್ಯೂಮಿಡಿಫೈಯರ್ ಬೇಕು, ಇಲ್ಲವೇ ಎ.ಸಿ.ಯ ಡ್ರೈ ಮೋಡ್.

ದೂರು: ಸೋರಿತು, ಎಷ್ಟು ಒರೆಸಿದರೂ ಒಣಗುತ್ತಿಲ್ಲ

ಒಣಗುವುದೂ ಇಲ್ಲ. ಆ ದ್ರವ ಬರೀ ನೀರಲ್ಲ, ದಪ್ಪ ಲವಣದ ದ್ರಾವಣ. ಮುಟ್ಟಿದರೆ ಎಣ್ಣೆ ಮುಟ್ಟಿದ ಹಾಗೆ ಜಾರುತ್ತದೆ, ಎರಡು ಬೆರಳ ನಡುವೆ ತಿಕ್ಕಿದರೆ ಅಂಟುತ್ತದೆ. ಒಣ ಬಟ್ಟೆಯಲ್ಲಿ ಒರೆಸಿದರೆ ನೆಲದ ಮೇಲೆ ತೆಳ್ಳನೆ ಪದರ ಉಳಿಯುತ್ತದೆ, ಆ ಪದರ ರಾತ್ರಿ ಮತ್ತೆ ಗಾಳಿಯಿಂದ ನೀರು ಎಳೆದು ಬೆಳಿಗ್ಗೆ ಒದ್ದೆಯಾಗಿರುತ್ತದೆ. ಮನೆಯವರು ಪೈಪ್ ಸೋರುತ್ತಿದೆ ಅಂತ ಪ್ಲಂಬರನ್ನು ಕರೆಸುತ್ತಾರೆ. ಇದೇ ಗುಣ ನಂಬಿಕೊಂಡು ಮಣ್ಣಿನ ರಸ್ತೆಗಳಿಗೆ, ಗಣಿಯ ದಾರಿಗಳಿಗೆ ಈ ದ್ರಾವಣ ಸಿಂಪಡಿಸುತ್ತಾರೆ. ರಸ್ತೆ ತೇವ ಹಿಡಿದುಕೊಂಡು ಧೂಳು ಏಳದೆ ಕೂರುತ್ತದೆ. ನಿಮ್ಮ ಬೆಡ್‌ರೂಮ್ ಟೈಲ್ಸ್ ಮೇಲೂ ಅದು ಅದನ್ನೇ ಮಾಡುತ್ತಿದೆ.

ಮದ್ದು ನೀರೇ. ಮೊದಲು ಹಳೇ ಬಟ್ಟೆಯಲ್ಲಿ ದ್ರವ ಎತ್ತಿ. ಆಮೇಲೆ ಬರೀ ನೀರಿನಲ್ಲಿ ಒರೆಸಿ, ಬಟ್ಟೆ ಹಿಂಡಿ, ನೀರು ಬದಲಾಯಿಸಿ, ಮತ್ತೆ ಒರೆಸಿ. ಜಾರು ಹೋಗುವ ತನಕ ಬಿಡಬೇಡಿ. ಶುರುವಿನಲ್ಲೇ ಸಾಬೂನು ಹಾಕಬೇಡಿ, ಕ್ಯಾಲ್ಸಿಯಂ ಜೊತೆ ಸಾಬೂನು ಸೇರಿದರೆ ಬಿಳಿ ಕೆನೆಯಂಥ ಕೊಳೆ ಕೂರುತ್ತದೆ. ವಾಷಿಂಗ್ ಸೋಡಾ ಹಾಕಿದರೆ ಇನ್ನೂ ತಮಾಷೆ, ಎರಡೂ ಸೇರಿ ಸುಣ್ಣದ ಕಲ್ಲಿನ ಪುಡಿಯೇ ಆಗಿ ಟೈಲ್ಸ್ ಸಂದಿನಲ್ಲಿ ಕೂರುತ್ತದೆ.

ಹತ್ತಿಬಟ್ಟೆಗೆ ತಾಗಿದರೆ ತೊಂದರೆ ಇಲ್ಲ, ಎರಡು ಮೂರು ಸಲ ನೀರಲ್ಲಿ ಜಾಲಿಸಿ. ರೇಷ್ಮೆಯೇ ತಲೆನೋವು. ಡ್ರೈ ಕ್ಲೀನಿಂಗ್‌ಗೆ ಸುಮ್ನೆ ಕೊಟ್ಟುಬಿಡಬೇಡಿ, ಅಲ್ಲಿ ಬಳಸುವ ದ್ರಾವಕದಲ್ಲಿ ಈ ಲವಣ ಕರಗುವುದಿಲ್ಲ, ಕಲೆ ಹಾಗೇ ವಾಪಸ್ ಬರುತ್ತದೆ. "ಇದು ಲವಣದ ನೀರು, ನೀರಲ್ಲೇ ತೆಗೆಯಬೇಕು" ಅಂತ ಬಾಯಿಬಿಟ್ಟು ಹೇಳಿ. ಸೀರೆಯ ಬಣ್ಣ ಬಿಡುತ್ತದೋ ಇಲ್ಲವೋ ಅಂತ ಒಳಸೆರಗಿನ ಮೂಲೆಯಲ್ಲಿ ನೋಡಿಕೊಂಡು ಆಮೇಲೆ ಮುಂದುವರಿಯಲಿ. ಜರಿಗೆ ತಾಗಿದ್ದರೆ ತಡ ಮಾಡಬೇಡಿ, ಕ್ಲೋರೈಡ್ ಬೆಳ್ಳಿಗೂ ತಾಮ್ರಕ್ಕೂ ಆಗದು. ತೊಳೆಯುವ ಮುಂಚೆ ಇಸ್ತ್ರಿ ಅಂತೂ ಬೇಡವೇ ಬೇಡ.

ಚರ್ಮಕ್ಕೆ ಬಿದ್ದರೆ ಆಸೆ ಕಡಿಮೆ. ಬೂಟು, ಪರ್ಸು ಸುಕ್ಕುಗಟ್ಟಿ ಗಟ್ಟಿಯಾಗುತ್ತದೆ, ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ. ಕಬ್ಬಿಣದ ಕೀಲು, ಲಾಕರು, ಸ್ಕ್ರೂ ತಲೆಗಳನ್ನು ತೊಳೆದು ಒರೆಸಿ ಒಂದು ಹನಿ ಎಣ್ಣೆ ಬಿಡಿ, ಇಲ್ಲದಿದ್ದರೆ ತುಕ್ಕು ಬೇಗ ಏರುತ್ತದೆ. ಕಟ್ಟಡ ಕೆಲಸದವರಿಗೆ ಇದು ಹಳೆಯ ಪಾಠ. ಕಾಂಕ್ರೀಟು ಬೇಗ ಗಟ್ಟಿಯಾಗಲಿ ಅಂತ ಕ್ಯಾಲ್ಸಿಯಂ ಕ್ಲೋರೈಡ್ ಹಾಕುವ ರೂಢಿ ಇತ್ತು, ಆದರೆ ಒಳಗಿನ ಕಬ್ಬಿಣದ ಸರಳು ತುಕ್ಕು ಹಿಡಿಯುವುದರಿಂದ ಈಗ ಕಬ್ಬಿಣ ಇರುವ ಕಾಂಕ್ರೀಟಿನಲ್ಲಿ ಒಟ್ಟು ಕ್ಲೋರೈಡ್‌ಗೆ ಮಿತಿ ಇದೆ. ನಮ್ಮ ದೇಶದ ಕಾಂಕ್ರೀಟ್ ಮಾನದಂಡ ಐ.ಎಸ್. 456:2000 ಪ್ರಕಾರ ಒಂದು ಘನ ಮೀಟರಿಗೆ 0.6 ಕಿಲೋ. ಇಷ್ಟು ಗೊತ್ತಿದ್ದ ಮೇಲೆ ತುಂಬಿದ ಡಬ್ಬಿಯನ್ನು ಬಿರುಕು ಬಿಟ್ಟ ಬಾಲ್ಕನಿಯ ನೆಲದ ಮೇಲೆ ಚೆಲ್ಲುತ್ತೀರಾ?

ಪದೇ ಪದೇ ಸೋರುವ ಮನೆಗೆ, ಮಕ್ಕಳೋ ಬೆಕ್ಕೋ ಇರುವ ಮನೆಗೆ, ಜೆಲ್ ಆಗುವ ನೇತುಹಾಕುವ ಚೀಲ ಮೇಲು. ಅದರಲ್ಲಿ ಲವಣದ ಜೊತೆ ಪಿಷ್ಟದಂಥದ್ದು ಬೆರೆಸಿರುತ್ತಾರೆ, ಹೀರಿದ ನೀರು ಗಂಜಿಯ ಹಾಗೆ ಗಟ್ಟಿಯಾಗಿ ನಿಲ್ಲುತ್ತದೆ. ನ್ಹಾವಾ ಶೇವಾ ಬಂದರಿನಿಂದ ಹೊರಡುವಂಥ ಹಡಗಿನ ಕಂಟೇನರುಗಳ ಗೋಡೆಗೆ ನೇತುಹಾಕುವ ಉದ್ದನೆ ಪಟ್ಟಿಗಳಲ್ಲೂ ಇದೇ ತಂತ್ರ. ಸಮುದ್ರದ ಮೇಲೆ ರಾತ್ರಿ ಕಂಟೇನರಿನ ತಗಡು ತಣ್ಣಗಾಗಿ ಒಳಗೇ ಹನಿ ಉದುರುತ್ತದೆ, ಸರಕು ಹಾಳಾಗದಿರಲಿ ಅಂತ ಈ ಏರ್ಪಾಡು.

ದೂರು: ಕೆಳಗಿನ ನೀರು ಮತ್ತೆ ಗಟ್ಟಿಯಾಯಿತು

ಎ.ಸಿ. ಕೋಣೆಯವರು ಕೇಳುವ ಪ್ರಶ್ನೆ. ಹೆದರಬೇಕಾಗಿಲ್ಲ. ಆರು ನೀರಿನ ಕಣ ಸೇರಿದ ರೂಪ ಕರಗೋದು ಸುಮಾರು 30 ಡಿಗ್ರಿಗೆ. ದ್ರಾವಣ ತುಂಬಾ ಗಾಢವಾಗಿದ್ದು ಕೋಣೆ 22–23ಕ್ಕೆ ತಣ್ಣಗಾದರೆ ತಳದಲ್ಲಿ ಗಾಜಿನ ಕಡ್ಡಿಯಂಥ ಹರಳು ಕೂರುತ್ತದೆ. ಕೋಣೆ ಬೆಚ್ಚಗಾದರೆ ಮತ್ತೆ ನೀರು. ಇದನ್ನು ಮಂಜುಗಡ್ಡೆ ಅಂದುಕೊಳ್ಳಬೇಡಿ. ಸರಿಯಾದ ಪ್ರಮಾಣದಲ್ಲಿ, ಅಂದರೆ ಶೇ. 30ರ ಆಸುಪಾಸಿನಲ್ಲಿ ಈ ಲವಣ ಬೆರೆಸಿದ ನೀರು ಮೈನಸ್ 50 ಡಿಗ್ರಿವರೆಗೂ ಹೆಪ್ಪುಗಟ್ಟುವುದಿಲ್ಲ. ಅಡುಗೆ ಉಪ್ಪಿನ ನೀರು ಮೈನಸ್ 21ಕ್ಕೇ ಕೈಚೆಲ್ಲುತ್ತದೆ. ಅದಕ್ಕೇ ಚಳಿ ದೇಶಗಳಲ್ಲಿ ರಸ್ತೆಯ ಹಿಮ ಕರಗಿಸೋಕೆ ಇದನ್ನು ಬಳಸುತ್ತಾರೆ. ಐಸ್ ಫ್ಯಾಕ್ಟರಿಗಳಲ್ಲಿ ನೀರು ತುಂಬಿದ ಡಬ್ಬಗಳನ್ನು ಮುಳುಗಿಸಿಡುವ ತಣ್ಣನೆಯ ದ್ರಾವಣ ಕೂಡ ಅಡುಗೆ ಉಪ್ಪಿನದು ಅಥವಾ ಇದರದು.

ತುಂಬಿದ ಡಬ್ಬಿ ಏನು ಮಾಡೋದು

ನಲ್ಲಿ ಬಿಟ್ಟುಕೊಂಡು ಜಾಸ್ತಿ ನೀರಿನ ಜೊತೆ ಮೋರಿಗೆ ಬಿಡಿ. ತುಳಸಿ ಕಟ್ಟೆಗೆ, ಕುಂಡಕ್ಕೆ ಹಾಕಬೇಡಿ, ಗಿಡ ಸುಟ್ಟುಹೋಗುತ್ತದೆ. ಗ್ಯಾಸ್ ಮೇಲೆ ಕುದಿಸಿ ಹರಳು ಮರಳಿ ಪಡೆಯೋಣ ಅಂತ ಕೆಲವರು ಹೊರಡುತ್ತಾರೆ. ಸಾಧ್ಯ ಇದೆ, ಆದರೆ ಕೊನೆಯಲ್ಲಿ ಸಿಡಿಯುವ ದ್ರಾವಣ ನೀರಿಗಿಂತ ತುಂಬಾ ಹೆಚ್ಚಿನ ಬಿಸಿಯಲ್ಲಿರುತ್ತದೆ, ಪಾತ್ರೆಯೂ ಹಾಳು. ಉಳಿಯುವ ದುಡ್ಡಿಗೆ ಹೋಲಿಸಿದರೆ ಬೇಡ ಅನ್ನುತ್ತೇನೆ.

ಹರಳು ಪೂರ್ತಿ ಕರಗಿದ ಮೇಲೂ ಡಬ್ಬಿಯನ್ನು ತಿಂಗಳುಗಟ್ಟಲೆ ಒಳಗೇ ಬಿಡಬೇಡಿ. ಆ ದ್ರಾವಣ ಇನ್ನೂ ನೀರು ಎಳೆದು ಉಬ್ಬುತ್ತಾ ಹೋಗುತ್ತದೆ. ಅಕ್ಟೋಬರ್ ಬಿಸಿಲಿಗೆ ಗಾಳಿ ಒಣಗಿದಾಗ ಹೀರಿದ ನೀರನ್ನೇ ವಾಪಸ್ ಬೀರುವಿನೊಳಗೆ ಬಿಡಲೂಬಹುದು.

ಇದೇ ಲವಣ ಆಹಾರದಲ್ಲೂ ಇದೆ, ಆಹಾರಕ್ಕೆ ಬೆರೆಸುವ ವಸ್ತುಗಳ ಪಟ್ಟಿಯಲ್ಲಿ ಇದರ ಸಂಖ್ಯೆ ಇ 509. ಪಾಶ್ಚರೀಕರಿಸಿದ ಹಾಲಿನಿಂದ ಚೀಸ್ ಮಾಡುವಾಗ ಹಾಲು ಸರಿಯಾಗಿ ಗಟ್ಟಿಯಾಗಲಿ ಅಂತ, ಸೋಯಾ ಹಾಲಿನಿಂದ ತೋಫು ಮಾಡೋಕೆ, ಡಬ್ಬಿ ತರಕಾರಿ ಮೆತ್ತಗಾಗದಿರಲಿ ಅಂತ ಚಿಟಿಕೆ ಹಾಕುತ್ತಾರೆ. ಅದು ಆಹಾರ ದರ್ಜೆಯ ಮಾಲು. ಬೀರುವಿನ ಡಬ್ಬಿಯದನ್ನು ಅಡುಗೆಗೆ ತರಬೇಡಿ. ಸಾಬಕ್ಕಿಯ ಹಾಗೆ ಕಾಣುವ ಕಾಳು ಮಕ್ಕಳ ಕೈಗೆ ಸಿಗದ ಕಡೆ ಇಡಿ. ಒದ್ದೆ ಬಾಯಿ, ಒದ್ದೆ ಕಣ್ಣಿಗೆ ತಾಗಿದರೆ ಅಲ್ಲೇ ಬಿಸಿಯಾಗಿ ಉರಿಯುತ್ತದೆ. ಕಣ್ಣಿಗೆ ಬಿದ್ದರೆ ತಕ್ಷಣ ನಲ್ಲಿ ನೀರಿನಲ್ಲಿ ಚೆನ್ನಾಗಿ ತೊಳೆದು ಡಾಕ್ಟರ ಹತ್ತಿರ ಹೋಗಿ. ನುಂಗಿದರೂ ಡಾಕ್ಟರೇ.

ಕ್ಯಾಮೆರಾ, ಲೆನ್ಸು, ಪಾಸ್‌ಪೋರ್ಟು, ಮದುವೆ ಆಲ್ಬಂ ಇಡುವ ಪೆಟ್ಟಿಗೆಯಲ್ಲಿ ಈ ಡಬ್ಬಿ ಬೇಡ. ಅಲ್ಲಿಗೆ ಸಿಲಿಕಾ ಜೆಲ್ ಸರಿ, ಚೆಲ್ಲುವ ಭಯ ಇಲ್ಲ, ಬಣ್ಣ ಬದಲಾದರೆ ಬಿಸಿ ಮಾಡಿ ಮತ್ತೆ ಬಳಸಬಹುದು. ಉಳಿದ ಕ್ಯಾಲ್ಸಿಯಂ ಕ್ಲೋರೈಡ್ ಚೀಲವನ್ನು ಮಡಚಿ ಕ್ಲಿಪ್ ಹಾಕಿದರೆ ಸಾಲದು. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಕ್ಕೆ ಸುರಿದು, ಮುಚ್ಚಳದ ಸುತ್ತ ಟೇಪ್ ಸುತ್ತಿ, ಮೇಲೆ ಹೆಸರು ಬರೆದಿಡಿ. ಸ್ಟೀಲ್ ಡಬ್ಬ ಬೇಡ.